ಬಿಳಿ ಗ್ರೇಟ್ ಡೇನ್

ಎಂಟು ದಿನಕ್ಕೆಂದು ಬಂದ ನಾಯಿ ಕಮಲಾಪುರದಲ್ಲಿ ಸುಜಾತಾಳ ಮನೆಯಲ್ಲಿ ಎರಡು ವರ್ಷ ಕಳೆದಿತ್ತು.

ತಂದು ಬಿಟ್ಟವನು ತಮ್ಮ ಕುನಾಲ. ಕಲಬುರಗಿಯಲ್ಲಿ ಅವನದೊಂದು ಫೋಟೊ ಸ್ಟುಡಿಯೊ. ಮದುವೆ ನಿಶ್ಚಯವಾದ ಜೋಡಿಗಳನ್ನು ಕೋಟೆ, ಕೆರೆ ಎಂದು ಸುತ್ತಾಡಿಸಿ ಫೋಟೊ ತೆಗೆಯುತ್ತಿದ್ದ. ಜೋಡಿಯ ಪಕ್ಕಕ್ಕೆ ದೊಡ್ಡದೊಂದು ಬಿಳಿ ನಾಯಿ ನಿಂತರೆ ಕಳೆಯೇ ಬೇರೆ ಎಂದು ಯಾರೋ ಅವನ ತಲೆಗೆ ತುಂಬಿದರು. ಹೈದರಾಬಾದಿನವರೆಗೆ ಹೋಗಿ ಗ್ರೇಟ್ ಡೇನ್ ಮರಿಯನ್ನು ತಂದ. ಈ ಜಾತಿಯಲ್ಲಿ ಬಿಳಿ ಬಣ್ಣ ಬಹಳ ಅಪರೂಪ, ಹುಡುಕಿದರೂ ಸಿಗುವುದಿಲ್ಲ ಎಂದು ಮಾರಿದವನು ಹೇಳಿದ್ದನಂತೆ. ಮರಿಗೆ ಸ್ನೋಯಿ ಎಂದು ಹೆಸರಿಟ್ಟರು.

ಕರೆದರೆ ಮರಿ ತಿರುಗಿ ನೋಡುತ್ತಿರಲಿಲ್ಲ. ಸೊಕ್ಕು ಎಂದುಕೊಂಡರು. ಎದುರು ಮನೆಯ ಮದುವೆಯಲ್ಲಿ ಪಟಾಕಿ ಸರ ಹಚ್ಚಿದಾಗಲೂ ಮಲಗಿದಲ್ಲಿಂದ ಅದು ಕಿವಿ ಅಲ್ಲಾಡಿಸಲಿಲ್ಲ. ಆಗ ಗೊತ್ತಾಯಿತು, ಅದಕ್ಕೆ ಏನೂ ಕೇಳಿಸುವುದಿಲ್ಲ. ಕ್ಯಾಮೆರಾದ ಬೆಳಕು ಬಿದ್ದರೆ ಕಣ್ಣು ಕಿರಿದು ಮಾಡಿ ಮುಖ ತಿರುಗಿಸುತ್ತಿತ್ತು. ವರ್ಷ ತುಂಬುವಷ್ಟರಲ್ಲಿ ಕರುವಿನಷ್ಟು ಬೆಳೆಯಿತು. ಬಾಡಿಗೆ ಮನೆಯ ಮಾಲೀಕ ಗದರಿದ. ಕುನಾಲನ ಹೆಂಡತಿ ಕಾವೇರಿ ಆಗ ತುಂಬು ಬಸುರಿ.

"ಅಕ್ಕಾ, ಎಂಟೇ ದಿನ ಇಟ್ಕೊ. ನಿಮ್ಮ ಮನಿಗಿ ಅಂಗಳ ಅದ. ನಾ ಬ್ಯಾರೆ ಮನಿ ನೋಡ್ತೀನಿ" ಎಂದು ಬಿಟ್ಟು ಹೋದ. ಬೇರೆ ಮನೆ ಸಿಕ್ಕಿತು. ನಾಯಿಯ ಮಾತು ಮಾತ್ರ ಅವನು ಎತ್ತಲಿಲ್ಲ.

ಸುಜಾತಾ ಊರಿನ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ವಯಸ್ಸು ನಲವತ್ತಮೂರು, ಮದುವೆಯಾಗಿರಲಿಲ್ಲ. ಮನೆಯಲ್ಲಿ ತಾಯಿ ಭೀಮಬಾಯಿ, ಆಕೆಯ ನೋಯುವ ಮೊಣಕಾಲುಗಳು, ಈಗ ಈ ನಾಯಿ. ಭೀಮಬಾಯಿಯ ನಾಲಿಗೆಗೆ ಸ್ನೋಯಿ ಹೊರಳದೆ ಸೋನವ್ವ ಆಯಿತು. ಯಾವ ಹೆಸರಿನಿಂದ ಕರೆದರೂ ಸೋನವ್ವನಿಗೆ ಒಂದೇ.

ಸೋನವ್ವ ಯಾರಿಗೂ ಕೇಡು ಮಾಡಿದ್ದಲ್ಲ. ಮೇಕೆ ಮರಿ ಬಂದು ಮೂಸಿದರೂ ಹಿಂದೆ ಸರಿಯುವ ಸ್ವಭಾವ. ಆದರೆ ಅದರ ಮೈಯೇ ಒಂದು ಕೆಲಸವಾಗಿತ್ತು. ಮಲಗಿದ್ದಾಗ ಹಿಂದಿನಿಂದ ಮುಟ್ಟಿದರೆ ಬೆಚ್ಚಿ ಹಾರುತ್ತಿತ್ತು. ಎಬ್ಬಿಸಬೇಕೆಂದರೆ ಮೊದಲು ನೆಲಕ್ಕೆ ಹಿಮ್ಮಡಿ ಗುದ್ದಬೇಕು, ಇಲ್ಲವೆ ಮೂಗಿನ ಮುಂದೆ ಅಂಗೈ ಹಿಡಿಯಬೇಕು. ಬಿಸಿಲಿಗೆ ಬಿಟ್ಟರೆ ಮೂಗಿನ, ಕಿವಿಯ ತೆಳು ಚರ್ಮ ಸುಟ್ಟು ಸುಲಿಯುತ್ತಿತ್ತು. ಬೇಸಗೆಯಲ್ಲಿ ಮಧ್ಯಾಹ್ನವೆಲ್ಲ ಒಳಗೆ ಕಟ್ಟಿ ಹಸಿ ಗೋಣಿಚೀಲ ಹಾಸಬೇಕು. ಬರಿ ನೆಲದ ಮೇಲೆ ಮಲಗಿದರೆ ಮೊಣಕೈ ದಡ್ಡುಗಟ್ಟಿ ಹುಣ್ಣಾಗುವುದರಿಂದ ಸುಜಾತಾ ಆಸ್ಪತ್ರೆಯ ಹಳೆ ಹಾಸಿಗೆಯೊಂದನ್ನು ಕೇಳಿ ತಂದಿದ್ದಳು. ಸುಜಾತಾ ಬಂದಳೆಂದರೆ ಖುಷಿಗೆ ಬಾಲ ಬೀಸಿ ಬೀಸಿ ಗೋಡೆಗೆ ಬಡಿದು ತುದಿ ಒಡೆದು ರಕ್ತ ಚಿಮ್ಮಿಸುತ್ತಿತ್ತು. ಡ್ಯೂಟಿಯಿಂದ ಬಂದು ಸೀರೆ ಬದಲಿಸುವ ಮೊದಲೇ ಬಾಲಕ್ಕೆ ಪಟ್ಟಿ ಕಟ್ಟಲು ಕೂರುವುದು ಅವಳಿಗೆ ರೂಢಿಯಾಗಿತ್ತು. ದಿನವಿಡೀ ಇನ್ನೊಬ್ಬರ ಮೈ ಒರೆಸಿ ಬಂದವಳಿಗೆ ಮನೆಯಲ್ಲೂ ಅದೇ. ಅಕ್ಕರೆಯೋ, ಬರಿ ರೂಢಿಯೋ, ಅವಳಿಗೇ ತಿಳಿಯುತ್ತಿರಲಿಲ್ಲ. ಯೋಚಿಸುವಷ್ಟು ಹೊತ್ತೂ ಇರುತ್ತಿರಲಿಲ್ಲ.

ಹಾಗಿರುವಾಗ ಒಂದು ದಿನ ಕುನಾಲ ಒಬ್ಬನನ್ನು ಕರೆತಂದ. ಸೊಲ್ಲಾಪುರದ ಕಡೆ ನಾಯಿ ಸಾಕಿ ಮರಿ ಮಾರುವವನು. ಅವನು ಸೋನವ್ವನ ತುಟಿ ಎತ್ತಿ ಹಲ್ಲು ನೋಡಿದ, ಹೊಟ್ಟೆಯ ಕೆಳಗೆ ಕೈಯಾಡಿಸಿದ. ಮುಖ ನೋಡಲಿಲ್ಲ.

"ಕೊನೀಗಿ ಯಾವಾಗ ಬೆದಿಗೆ ಬಂದಿತ್ತು?" ಎಂದು ಕೇಳಿದ.

"ಇದಕ್ಕ ಕಿವಿ ಕೇಳ್ಸಂಗಿಲ್ರಿ" ಎಂದಳು ಸುಜಾತಾ, ಮುಚ್ಚಿಡುವುದು ಬೇಡವೆಂದು.

ಅವನು ನಕ್ಕ. "ಮರಿ ಹಾಕಾಕ ಕಿವಿ ಯಾಕ ಬೇಕ್ರಿ, ಅಕ್ಕೋರೆ?"

ಮುಂದಿನ ತಿಂಗಳು ಗಾಡಿ ತಂದು ಒಯ್ಯುವುದೆಂದು ಮಾತಾಯಿತು. ಅವನು ನಕ್ಕು ಆಡಿದ ಮಾತು ಸುಜಾತಾಳಿಗೆ ಚುಚ್ಚಿದ್ದು ಹೌದು. ಆದರೂ ಅಂದು ಅವಳಿಗೆ ಒಳ್ಳೆಯ ನಿದ್ದೆ ಬಂತು. ಇನ್ನೊಂದು ತಿಂಗಳು, ಆಮೇಲೆ ಡ್ಯೂಟಿ ಮುಗಿಸಿ ಬಂದು ಸುಮ್ಮನೆ ಕಾಲು ಚಾಚಬಹುದು.

ಅದರ ಮುಂದಿನ ಭಾನುವಾರ ಅವಳಿಗೆ ಬೆಳಗಿನ ಡ್ಯೂಟಿ. ಸೋನವ್ವನಿಗೆ ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪವೇ ಹಾಕಬೇಕು, ತಿಂದ ಮೇಲೆ ಓಡಲು ಬಿಡಬಾರದು ಎಂಬುದು ಮನೆಯ ಕಟ್ಟುನಿಟ್ಟು. ಭೀಮಬಾಯಿಗೆ ಅಂದು ಓಣಿಯಲ್ಲೊಂದು ತೊಟ್ಟಿಲ ಕಾರ್ಯಕ್ರಮವಿತ್ತು. ಮತ್ತೆ ಮತ್ತೆ ಏಳುವುದು ಯಾಕೆಂದು ಇದ್ದ ರೊಟ್ಟಿಯನ್ನೆಲ್ಲ ಹಾಲಿನಲ್ಲಿ ಕಲಸಿ ಒಮ್ಮೆಗೇ ಇಟ್ಟು ಹೋದಳು. ಅಂಗಳಕ್ಕೆ ಬಂದ ಹಂದಿಯ ಹಿಂದೆ ಸೋನವ್ವ ತುಂಬಿದ ಹೊಟ್ಟೆಯಲ್ಲಿ ಓಡಿತ್ತೆಂದು ನೆರೆಯವರು ಆಮೇಲೆ ಹೇಳಿದರು.

ಮೂರು ಗಂಟೆಗೆ ಸುಜಾತಾ ಬಂದಾಗ ಬಾಲ ಬಡಿಯುವ ಸದ್ದಿರಲಿಲ್ಲ. ಸೋನವ್ವ ಅಂಗಳದಲ್ಲಿ ಕಾಲು ಅಗಲಿಸಿ ನಿಂತಿತ್ತು. ಹೊಟ್ಟೆ ನಗಾರಿಯಂತೆ ಬಿಗಿದಿತ್ತು. ವಾಂತಿ ಮಾಡಲು ತಿಣುಕಿದರೆ ಬರೀ ನೊರೆ. ಬೆರಳಿನಿಂದ ಹೊಟ್ಟೆ ತಟ್ಟಿ ನೋಡಿದಳು. ಟೊಳ್ಳು ಸದ್ದು. ಒಸಡು ಬಿಳಿಚಿಕೊಂಡಿತ್ತು.

ಊರಿನ ಪಶು ವೈದ್ಯರು ರಜೆಯಲ್ಲಿದ್ದರು. ಕಲಬುರಗಿಯ ರೋಜಾ ಬಡಾವಣೆಯಲ್ಲಿ ನಾಯಿಗಳನ್ನು ನೋಡುವ ಡಾಕ್ಟರ್ ಜೀನತ್‌ಗೆ ಫೋನು ಮಾಡಿದಳು. "ಕೂಡ್ಲೇ ಹೊಂಡ್ರಿ, ಒಂದು ನಿಮಿಷನೂ ನಿಲ್ಲಬ್ಯಾಡ್ರಿ" ಎಂದರು ಅವರು.

ಕೆಂಪು ಬಾಳೆಹಣ್ಣು ಸಾಗಿಸುವ ಓಣಿಯ ಶಹಬಾಜನ ಲಗೇಜ್ ಆಟೊ ಭಾನುವಾರವೆಂದು ಅವನ ಮನೆ ಮುಂದೆಯೇ ನಿಂತಿತ್ತು. ಕರೆದೊಡನೆ ಬಂದ. ಇಬ್ಬರೂ ಕೂಡಿ ನಾಯಿಯನ್ನು ಚಾದರಕ್ಕೆ ಹಾಕಿ, ರೋಗಿಯನ್ನು ಎತ್ತುವಂತೆ ನಾಲ್ಕು ಮೂಲೆ ಹಿಡಿದು ಎತ್ತಿದರು. ಅದರ ಭಾರ ಐವತ್ತು ಕೆಜಿಗೂ ಮೇಲೆ.

"ಸಿಸ್ಟರ್, ಮುಂದ ಕೂಡ್ರಿ, ಹಿಂದ ಧೂಳು."

"ಬ್ಯಾಡ. ನೀ ನಡಿ."

ಅವಳು ಹಿಂದೆ, ಒಣಗಿದ ಬಾಳೆ ಎಲೆಗಳ ಮೇಲೆ ಕೂತಳು. ನಾಯಿಯ ತಲೆ ತೊಡೆಯ ಮೇಲಿತ್ತು. ತೊಡೆಸಂದಿಯಲ್ಲಿ ಎರಡು ಬೆರಳಿಟ್ಟು ನಾಡಿ ಎಣಿಸುತ್ತ ಹೋದಳು. ಸತ್ತುಬಿಟ್ಟರೆ ಎಲ್ಲ ಮುಗಿಯಿತಲ್ಲ ಎಂಬ ಯೋಚನೆ ದಾರಿಯಲ್ಲಿ ಒಮ್ಮೆ ಬಂತು. ನಾಚಿಕೆಪಡಲೂ ತ್ರಾಣವಿರಲಿಲ್ಲ. ನಾಡಿ ಬೆರಳಿನಡಿ ಓಡುತ್ತಲೇ ಇತ್ತು, ಅವಳು ಎಣಿಸುತ್ತಲೇ ಇದ್ದಳು.

ಡಾಕ್ಟರ್ ಜೀನತ್ ಬಾಗಿಲು ತೆರೆದೇ ನಿಂತಿದ್ದರು. ಮೂಗಿನಿಂದ ಕೊನೆಯ ಪಕ್ಕೆಲುಬಿನವರೆಗೆ ರಬ್ಬರ್ ಕೊಳವೆಯನ್ನು ಅಳೆದು, ಬಾಯಿಯೊಳಗಿಂದ ನಿಧಾನ ಇಳಿಸಿದರು. ಹುಳಿ ವಾಸನೆಯ ಗಾಳಿ ಬುಸ್ಸೆಂದು ಹೊರಬಂತು. ನೋಡುತ್ತಿದ್ದಂತೆ ಹೊಟ್ಟೆ ಇಳಿಯಿತು. ಎಕ್ಸ್-ರೇ ತೆಗೆದು ನೋಡಿದರು.

"ನಸೀಬ ಛಲೋ ಅದ ಸಿಸ್ಟರ್. ಬರೇ ಗ್ಯಾಸ್ ತುಂಬ್ಯದ. ಜಠರ ತಿರುವಿಕೊಂಡಿದ್ರ ಇಷ್ಟೊತ್ತಿಗಿ ಹೋಗಿಬಿಡ್ತಿತ್ತು."

"ಮತ್ತ ಆಗ್ತದೇನ್ರಿ?"

"ಎದಿ ಆಳ ಇರೋ ದೊಡ್ಡ ನಾಯಿಗೋಳಿಗಿ ಇದು ಭಾಳ. ಒಮ್ಮಿ ಆದದ್ದಕ್ಕ ಮತ್ತ ಆಗ್ತದ. ಜಠರಾನ ಒಳಗಿಂದ ಹೊಟ್ಟಿ ಗ್ವಾಡಿಗಿ ಹೊಲಿದ್ರ ಅದು ತಿರುವಂಗಿಲ್ಲ. ನಾಕು ದಿನ ಸುಧಾರಿಸ್ಲಿ, ಗುರುವಾರ ಕರ್ಕೊಂಡು ಬರ್ರಿ."

ಸುಜಾತಾ ಸ್ಟೂಲಿನ ಮೇಲೆ ಕುಸಿದಂತೆ ಕೂತಳು. "ಇದು ನಮ್ಮ ತಮ್ಮಂದ್ರಿ, ಡಾಕ್ಟ್ರೇ. ಮುಂದಿನ ತಿಂಗಳ ಸೊಲ್ಲಾಪುರದವ ಒಬ್ಬಾಂವ ಒಯ್ತಾನ. ಬಿಳಿ ಮರಿ ಹಾಕಸ್ತಾನಂತ."

ಜೀನತ್ ಕೈ ತೊಳೆಯುವುದನ್ನು ನಿಲ್ಲಿಸಿದರು.

"ಇದು ಬೆಳ್ಳಗ ಯಾಕದ ಗೊತ್ತೇನ್ರಿ? ಇದರ ತಂದಿ ತಾಯಿ ಇಬ್ಬರದೂ ಬೂದಿ ಮೈ, ಅದರ ಮ್ಯಾಲ ಕರಿ ಕಲೆ ಇರ್ತಾವ. ಅಂಥಾ ಎರಡನ್ನ ಕೂಡಿಸಬಾರದು. ಕೂಡಿಸಿದ್ರ ನಾಕರಾಗ ಒಂದು ಹಿಂಗ ಹುಟ್ತದ. ಮೈಯಾಗ ಬಣ್ಣನೇ ಇರಂಗಿಲ್ಲ, ಅದಕ್ಕೇ ಕಿವಿ ಕೇಳಂಗಿಲ್ಲ, ಕಣ್ಣು ಪೂರಾ ಬೆಳೆಯಂಗಿಲ್ಲ. ಅಪರೂಪ ಅಂತ ಹೇಳಿ ಮಾರ್ತಾರ. ಇದನ್ನ ಮತ್ತ ಅಂಥಾದಕ್ಕೇ ಕೂಡಿಸಿದ್ರ ಅರ್ಧಕ್ಕರ್ಧ ಹಿಂಗೇ ಹುಟ್ತಾವ. ಕಣ್ಣೇ ಇಲ್ಲದವೂ ಹುಟ್ತಾವ, ನಾ ನೋಡೀನಿ."

ಸುಜಾತಾ ನಾಯಿಯ ಬಾಯಿಯ ನೊರೆ ಒರೆಸಿದಳು.

"ಗುರುವಾರ ಹೆಂಗೂ ಹೊಟ್ಟಿ ತೆರಿತೀನಿ" ಎಂದರು ಜೀನತ್. "ಅದರ ಸಂಗಟ ಗರ್ಭಕೋಶನೂ ತೆಗೀಬೇಕಂದ್ರ ಇನ್ನರ್ಧ ತಾಸಿನ ಕೆಲಸ. ಬ್ಯಾಡಂದ್ರ ಬ್ಯಾಡ. ನೀವೇ ಹೇಳಬೇಕು."

ಮರುದಿನ ಸುಜಾತಾ ತಮ್ಮನಿಗೆ ಫೋನು ಮಾಡಿದಳು. ಅವನು ಯಾವುದೋ ಜೋಡಿಯನ್ನು ಕೆರೆಯ ದಂಡೆಯಲ್ಲಿ ನಿಲ್ಲಿಸಿದ್ದ. ಅವಸರದಲ್ಲೇ ಎಲ್ಲ ಕೇಳಿದ.

"ಹೊಲಿಸಿಬಿಡು ಅಕ್ಕಾ. ಆದ್ರ ಗಾಯ ಕಾಣದಂಗ ಹೊಲೀರಿ ಅಂತ ಹೇಳು. ಅಂವ ಹೊಟ್ಟಿ ನೋಡ್ತಾನ."

ನಾಯಿ ಹೇಗಿದೆ ಎಂದು ಅವನು ಕೇಳಲಿಲ್ಲ. ಗರ್ಭಕೋಶದ ವಿಷಯವನ್ನು ಅವಳೂ ಹೇಳಲಿಲ್ಲ.

ಆ ಮೂರು ದಿನ ಅವಳ ತಲೆಯಲ್ಲಿ ಬೇರೇನೂ ಇರಲಿಲ್ಲ. ಗರ್ಭಕೋಶ ತೆಗೆಸಿದರೆ ಸೊಲ್ಲಾಪುರದವನು ಬರುವುದಿಲ್ಲ. ಯಾರೂ ಬರುವುದಿಲ್ಲ. ಹಾಸಿಗೆ, ಹಸಿ ಗೋಣಿ, ಬಾಲದ ಪಟ್ಟಿ, ಮೂರು ಹೊತ್ತಿನ ತುತ್ತು, ಎಲ್ಲ ಸೋನವ್ವ ಇರುವತನಕ ಅವಳದೇ. ಬುಧವಾರ ಹೆರಿಗೆಗೆ ಬಂದಿದ್ದ ಹೆಂಗಸಿಗೆ ಅದು ಐದನೆಯದು. ಮಗು ಹುಟ್ಟಿದ ಮೇಲೆ ಆಕೆ ಗಂಡೋ ಹೆಣ್ಣೋ ಎಂದು ಕೇಳದೆ ಗೋಡೆಯ ಕಡೆ ಹೊರಳಿ ಮಲಗಿದಳು. ಸುಜಾತಾ ಆಕೆಯ ಬೆನ್ನು ಒರೆಸುತ್ತ ನಿಂತೇ ಇದ್ದಳು, ಒರೆಸಿದ್ದಾದ ಮೇಲೂ.

ಗುರುವಾರ ರಜೆ ಹಾಕಿ ಹೋದಳು. ಜೀನತ್ ಒಪ್ಪಿಗೆಯ ಕಾಗದ ಮುಂದಿಟ್ಟರು. ಮಾಲೀಕರ ಹೆಸರು ಎಂದಿದ್ದಲ್ಲಿ ಪೆನ್ನು ನಿಂತಿತು.

"ಎರಡೂ ಮಾಡ್ರಿ" ಎಂದು ತನ್ನ ಹೆಸರು ಬರೆದು ಸಹಿ ಹಾಕಿದಳು.

ಸುದ್ದಿ ತಿಳಿದ ಸಂಜೆಯೇ ಕುನಾಲ ಬೈಕಿನಲ್ಲಿ ಬಂದ. ಸೋನವ್ವ ಹೊಟ್ಟೆಗೆ ಬಟ್ಟೆ ಸುತ್ತಿಸಿಕೊಂಡು ಹಾಸಿಗೆಯ ಮೇಲಿತ್ತು. ಅವನನ್ನು ಕಂಡು ತಲೆ ಎತ್ತಲು ನೋಡಿತು.

"ನಂಗೊಂದು ಮಾತು ಕೇಳಬೇಕಿತ್ತಿಲ್ಲ! ನನ್ನ ನಾಯಿ ಅಕ್ಕಾ ಅದು!"

"ನಿಂದೇ" ಎಂದಳು ಸುಜಾತಾ, ಸಿರಿಂಜಿಗೆ ಔಷಧ ಎಳೆಯುತ್ತ. "ಒಯ್ತಿ ಏನು? ಹೊಲಿಗಿ ಬಿಚ್ಚೋತನ ದಿನಾ ಎರಡು ಸರ್ತಿ ಸೂಜಿ ಹಾಕಬೇಕು. ಎತ್ತಿ ಹೊರಗ ಒಯ್ದು ಉಚ್ಚಿ ಹೊಯ್ಸಬೇಕು. ಕಾವೇರಿಗಿ ಹೇಳಿ ಬಂದೀ?"

ಕುನಾಲ ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ನಿಂತ.

"ನಂಗೂ ಆ ಹೈದರಾಬಾದಿನಾಂವ ಮೋಸನೇ ಮಾಡ್ಯಾನ ಅಲ್ಲಕ್ಕಾ" ಎಂದ ಕೊನೆಗೆ.

"ಹೌದು. ನೀ ಮತ್ತೊಬ್ಬರಿಗಿ ಮಾಡೋದು ಬ್ಯಾಡ."

ಭೀಮಬಾಯಿ ಚಹಾ ತಂದಳು. ಕುನಾಲ ಕುಡಿಯಲಿಲ್ಲ. ಹೊರಡುವ ಮುಂಚೆ ಮಾತ್ರ ನಾಯಿಯ ಮೂಗಿನ ಮುಂದೆ ಅಂಗೈ ಹಿಡಿದು, ತಲೆ ಸವರಿ ಹೋದ. ಆಮೇಲೆ ಒಂದೂವರೆ ತಿಂಗಳು ಅವನ ಫೋನು ಬರಲಿಲ್ಲ.

ಆಪರೇಶನ್ ಆದ ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿಸಿ ಶಹಬಾಜನ ಆಟೊದಲ್ಲೇ ವಾಪಸು ಬಂದರು. ಸೋನವ್ವ ತಾನೇ ಮೆಟ್ಟಿಲು ಹತ್ತಿ ಒಳಗೆ ಹೋಯಿತು. ಭೀಮಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಭಾನುವಾರದಿಂದ ಆಕೆ ಮೊಣಕಾಲು ಹಿಡಿದುಕೊಂಡಾದರೂ ಎದ್ದು, ಮೂರು ಸಲ ಸಣ್ಣ ಬಟ್ಟಲಿನಲ್ಲೇ ಹಾಕುತ್ತಿದ್ದಳು.

"ಡಾಕ್ಟ್ರು ಏನಂದ್ರು? ಇನ್ನೆಷ್ಟು ವರ್ಷ ಇರ್ತದಂತ?" ಎಂದು ಕೇಳಿದಳು.

"ಇವು ಏಳೆಂಟು ವರ್ಷ ಬದುಕ್ತಾವ. ಇದಕ್ಕೀಗ ಮೂರು ದಾಟ್ಯದ."

"ಅಂದ್ರ ಇನ್ನ ನಾಕೈದು ವರ್ಷ."

"ಹ್ಞೂಂ."

ಭೀಮಬಾಯಿ ಮಗಳ ಮುಖ ನೋಡಿದಳು. ಇನ್ನೇನೋ ಕೇಳಬೇಕೆಂದಿದ್ದವಳು, "ಹೋಗು ಜರಾ ಅಡ್ಡ ಆಗು. ಮಧ್ಯಾಹ್ನದ್ದು ನಾ ಹಾಕ್ತೀನಿ" ಎಂದಳು.

ಸುಜಾತಾ ಸೀರೆಯನ್ನೂ ಬದಲಿಸದೆ ಒಳಗಿನ ಕೋಣೆಯ ಚಾಪೆಯ ಮೇಲೆ ಉರುಳಿದಳು. ನಾಲ್ಕು ಗಂಟೆಗೆ ಮತ್ತೆ ಡ್ಯೂಟಿ ಇತ್ತು.