ಬಸ್‌ಸ್ಟ್ಯಾಂಡಿನ ಅಕ್ಕ

"ಇಲ್ಲಿ ನಿಮ್ಮನ್ನ ಹೆಂಗ ನೋಡಿಕೊಂಡ್ರು, ಖರೇ ಹೇಳ್ರಿ" ಎಂದು ಅನುಷಾ ಮತ್ತೆ ಕೇಳಿದಳು.

"ಭಾಳ ಛಲೋ ನೋಡ್ಯಾರ್ರಿ ಬಾಯಾರ" ಎಂದು ಮಾರೆವ್ವ ಮತ್ತೆ ಅದನ್ನೇ ಅಂದಳು.

ಗಂಗಾವತಿಯ ಆ ಕುಡಿತ ಬಿಡಿಸುವ ಕೇಂದ್ರದಲ್ಲಿ ಮನೆಮಠ ಇಲ್ಲದವರಿಗೆ ಎಂಥ ಆರೈಕೆ ಸಿಗುತ್ತದೆ ಎಂದು ತಿಳಿದು ವರದಿ ಬರೆಯಲು ಬಂದವಳು ಅನುಷಾ. ಹೋದ ವರ್ಷ ಇಲ್ಲೇ ಮಲಗಿ ಸೆರೆ ಕುಡಿಯುವುದನ್ನು ಬಿಟ್ಟವಳು ಮಾರೆವ್ವ. ಈಗ ಮಂಚದ ಮೇಲೆ ದ್ಯಾಮಣ್ಣ ನಡುಗುತ್ತಾ ಮಲಗಿದ್ದ, ಅವನ ಕಾಲ ಬಳಿ ಇವಳು ಕೂತಿದ್ದಳು. ಮನೆಯವರೊಬ್ಬರು ಜೊತೆಗಿದ್ದರೆ ಮಾತ್ರ ಒಳಗೆ ಸೇರಿಸುವುದು ಅಲ್ಲಿಯ ರಿವಾಜು. ಬಸ್‌ಸ್ಟ್ಯಾಂಡಿನಲ್ಲಿ ಮಲಗುವವರು ಮನೆಯವರನ್ನು ಎಲ್ಲಿಂದ ತಂದಾರು? ಹಾಗಾಗಿ ಮಾರೆವ್ವ ಅವನಿಗೆ ಅಕ್ಕನಾಗಿ ಬಂದಿದ್ದಳು. ಸುಳ್ಳು ಬಯಲಾದರೆ ಅವನನ್ನು ಇವತ್ತೇ ಹೊರಗೆ ಕಳಿಸುತ್ತಾರೆ. ಹೊರಗೆ ಕಾಲಿಟ್ಟರೆ ಎದುರಿಗೇ ಸೆರೆ ಅಂಗಡಿ.

"ಎಲ್ಲಾರೂ ಛಲೋ ಅಂದ್ರ ಇಲ್ಲಿ ಏನೂ ಸುಧಾರಿಸಂಗಿಲ್ಲ ಯವ್ವಾ" ಅನುಷಾ ಪೆನ್ನು ಕೆಳಗಿಟ್ಟಳು. "ಹೋಗ್ಲಿ, ಎದ್ದು ಓಡಿ ಹೋಗಬೇಕು ಅಂತ ಒಮ್ಮೆರ ಅನಿಸಲಿಲ್ಲೇನ್ರಿ?"

"ಅನಿಸದೇ ಬಿಡತೈತಿ?" ಮಾರೆವ್ವನಿಗೆ ನಗು ಬಂತು. "ಬಾಗಲ ತನಕ ಹೋಗಿದ್ದೆ. ರಾಜಾಸಾಬ ಅಡ್ಡ ಕುಂತಿದ್ದ. ನನ್ನ ತುಳದು ಹೋಗು ಅಂದ."

"ರಾಜಾಸಾಬ ಯಾರು?"

"ನಮ್ಮಣ್ಣ."

ಮಾತು ಬಾಯಿ ದಾಟಿಬಿಟ್ಟಿತ್ತು. ಮಾತ್ರೆ ಕೊಡುತ್ತಿದ್ದ ಹೊಸ ನರ್ಸು ಶಿವಲೀಲಾ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಅಣ್ಣ ರಾಜಾಸಾಬ, ತಮ್ಮ ದ್ಯಾಮಣ್ಣ, ನಡುವ ನೀ ಮಾರೆವ್ವ! ನಿಮ್ಮವ್ವ ಎಷ್ಟು ಮಂದೀನ ಹಡದಾಳ?"

"ಇಡೀ ಬಸ್‌ಸ್ಟ್ಯಾಂಡ್ ಹಡದಾಳ್ರಿ."

ಶಿವಲೀಲಾ ನಕ್ಕುಬಿಟ್ಟಳು. ಅನುಷಾ ನಗಲಿಲ್ಲ. ಇನ್ನು ಮುಚ್ಚಿಟ್ಟು ಉಪಯೋಗವಿಲ್ಲ ಎಂದು ಮಾರೆವ್ವನಿಗೂ ಹೊಳೆಯಿತು.

"ಸುಳ್ಳು ಹೇಳಿದಾಕಿ ನಾನು. ನನ್ನ ಹೊರಗ ಹಾಕ್ರಿ, ಅವನ್ನ ಬ್ಯಾಡ" ಎಂದಳು. "ಔಷಧ ಛಲೋ ಅದಾವ, ಅದು ಸುಳ್ಳಲ್ಲ. ಆದ್ರ ಔಷಧ ಬಾಗಲದಾಗ ಅಡ್ಡ ಕುಂಡ್ರಂಗಿಲ್ಲಲ್ರಿ. ಜೋಡಿ ಯಾರೂ ಇಲ್ಲದಾವ್ರು ಗೇಟಿನಿಂದನ ತಿರುಗಿ ಹೋಗ್ಯಾರ. ಅವರನ್ನ ಯಾರು ಕೇಳ್ತಾರ, ಹೆಂಗ ನೋಡ್ಯಾರ ಅಂತ?"

ಅನುಷಾ ಎದ್ದು ಡಾಕ್ಟರ ಕೋಣೆಗೆ ಹೋದಳು. ಒಳಗೆ ಮಾತು ಏರಿತು, ಇಳಿಯಿತು. ಮಾರೆವ್ವ ದ್ಯಾಮಣ್ಣನ ಅಂಗಿ, ಚಾದರ ಗಂಟು ಕಟ್ಟತೊಡಗಿದಳು.

ಡಾಕ್ಟರ್ ಗವಿಸಿದ್ದೇಶ ತಾವೇ ಹೊರಗೆ ಬಂದರು. "ಆ ಗಂಟು ಬಿಚ್ಚವ್ವಾ. ಇನ್ನ ಮ್ಯಾಲೆ ಸಂಬಂಧ ಕೇಳಂಗಿಲ್ಲ. ಯಾರೂ ಇಲ್ಲದಾವ್ರು ಬಂದ್ರ ನಿಮ್ಮ ಬಸ್‌ಸ್ಟ್ಯಾಂಡ್ ಮಂದಿಗೆ ಹೇಳಿ ಕಳಸ್ತೀವಿ. ಜೋಡಿ ಕುಂಡ್ರಾಕ ಬರ್ತೀರಿ?"

"ಬರ್ತೀವ್ರಿ" ಎಂದಳು ಮಾರೆವ್ವ. ಗಂಟು ಬಿಚ್ಚಿ ಚಾದರವನ್ನು ಮತ್ತೆ ಅವನ ಮೇಲೆ ಹೊದಿಸಿದಳು.

ದ್ಯಾಮಣ್ಣ ಕಣ್ಣು ಬಿಟ್ಟು ನೀರು ಕೇಳಿದ. ಅವಳು ಕುಡಿಸಲು ಹೋದರೆ "ನಾ ಏನು ಕೂಸೇನು?" ಎಂದು ಲೋಟ ಕಸಿದುಕೊಂಡ. ಕೈ ನಡುಗಿ ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಮಾರೆವ್ವ ಬೈಯಲಿಲ್ಲ. ಲೋಟಕ್ಕೆ ತಾಕದ ಹಾಗೆ, ಅದರ ಕೆಳಗೆ ಅಂಗೈ ಹಿಡಿದು ಕೂತಳು.