ಕನ್ನಡಿಗೆಂದು ಬರೆದ ಗೋಡೆ

"ಅಲ್ಲಯ್ಯಾ, ಮಗಳು ಚೆನ್ನಾಗಿ ಚಿತ್ರ ಬರೀತಾಳೆ ಅಂತ ನೀನಂದೆ, ನಿನ್ನಂಗಡಿ ಎದುರಿನ ನನ್ನ ಗೋಡೆ ಕೊಟ್ಟೆ. ಇದೇನು ಹೀಗೆ ಗೀಚಿಟ್ಟಿದಾಳೆ?" ಕೆನ್ನೆ ತುಂಬ ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ ಬಟ್ಟೆ ಅಂಗಡಿ ಸಾಹುಕಾರ ಕನ್ನಡಿಯಲ್ಲಿ ಸಲೂನಿನವನ ಮುಖ ಹುಡುಕಿದ. "ಬೇಜಾರ್ ಮಾಡ್ಕೋಬೇಡ. ಇವತ್ತೇ ಸುಣ್ಣ ಬಳಿಸಿಬಿಡ್ತೀನಿ. ಆಳುಗಳು ಬಂದಾಯ್ತು."

"ಬಳಿಸಿ ಸಾಹುಕಾರ್ರೇ," ಎಂದ ಸಲೂನಿನವನು. ಹೇಳಿದ್ದೇನೋ ಹೇಳಿದ. ಎಷ್ಟಾದರೂ ಮಗಳ ಮೊದಲ ದೊಡ್ಡ ಕೆಲಸ. ಕತ್ತರಿಸುವ ಪ್ರತಿ ತಲೆಗೂ ಅದನ್ನು ಹೇಳಿಕೊಂಡು ಮೆರೆದವನು ಅವನೇ. ಮೊನ್ನೆ ಮರೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಾಗ ನೋಡಿದರೆ, ಏನಿದೆ ಅಲ್ಲಿ ಮಣ್ಣು! ರಬ್ಬರಿನಂತೆ ಎಳೆದುಹಾಕಿದ ಮನುಷ್ಯರು, ಓರೆಬಿದ್ದ ದೀಪದ ಕಂಬಗಳು, ಬೋರ್ಡುಗಳ ಮೇಲಿನ ಅಕ್ಷರಗಳೂ ಹಿಂದುಮುಂದು. ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. "ನೋಡೋ ಜಾಗದಿಂದ ನೋಡಪ್ಪಾ," ಎಂದಿದ್ದಳು ಮಗಳು. "ನೋಡಿದ್ದು ಸಾಕು ಕಣೇ," ಎಂದು ಅಂಗಡಿಯ ಬಾಗಿಲಿಗೆ ಪರದೆ ಎಳೆದವನು ಇನ್ನೂ ಸರಿಸಿರಲಿಲ್ಲ. ಅವಳೊಡನೆ ಮಾತೂ ಬಿಟ್ಟಿದ್ದ. ಹಾಗೆ ಬಿಟ್ಟಮೇಲೆ ಊಟವೇ ಸೇರುತ್ತಿರಲಿಲ್ಲ, ಅದು ಬೇರೆ ವಿಷಯ.

ಅಷ್ಟರಲ್ಲಿ ಮಗಳು ಒಳಗೆ ಬಂದವಳೇ ಪರದೆಯನ್ನು ಸರ್ರನೆ ಸರಿಸಿದಳು.

"ಮುಚ್ಚೇ ಅದನ್ನ!"

"ಏ... ಏ!" ಸಾಹುಕಾರ ಕೂತಲ್ಲೇ ಕೂಗಿದ. "ನನ್ನ ಗೋಡೆ ಎಲ್ಲಿ ಹೋಯ್ತಯ್ಯಾ?"

ಪುಣ್ಯಕ್ಕೆ ಸಲೂನಿನವನು ಕತ್ತಿಯನ್ನು ಆಗಷ್ಟೇ ಎತ್ತಿದ್ದ. ಅವನೂ ಕನ್ನಡಿ ನೋಡಿದ. ನಿಂತವನಿಗೆ ಕಂಡಿದ್ದು ಅದೇ ಸೊಟ್ಟ ಗೀಟುಗಳು. ಸಾಹುಕಾರನಿಗೆ ಮಾತ್ರ ಅದೇನು ಕಾಣುತ್ತಿದೆಯೋ, ಬಾಯಿ ಮುಚ್ಚುತ್ತಲೇ ಇಲ್ಲ.

"ಸ್ವಲ್ಪ ಏಳಿ ಸಾಹುಕಾರ್ರೇ."

"ಅರ್ಧ ಕೆನ್ನೆ ಬಾಕಿ ಇದೆಯಲ್ಲೋ!"

"ಏಳಿ ಅಂದೆ!"

ಗಿರಾಕಿಯನ್ನು ತೋಳು ಹಿಡಿದು ಎಬ್ಬಿಸಿ, ತನ್ನ ಕುರ್ಚಿಯಲ್ಲಿ ತಾನೇ ಮೊದಲ ಸಲ ಕೂತ.

ಗೋಡೆ ಮಾಯವಾಗಿತ್ತು. ಅವನ ಬೆನ್ನ ಹಿಂದಿನ ಹೊಸ್ತಿಲಿನಿಂದಲೇ ಅಗಲವಾದ ರಸ್ತೆಯೊಂದು ಹೊರಟು, ಬಾಲ್ಕನಿಗಳಲ್ಲಿ ಒಣಗುವ ಬಟ್ಟೆಗಳನ್ನೂ ಸಿಗ್ನಲ್ಲಿನಲ್ಲಿ ನಿಂತ ಬಸ್ಸುಗಳನ್ನೂ ದಾಟಿ, ದೂರದ ಆಕಾಶಕ್ಕೆ ಸೇರುತ್ತಿತ್ತು. ಕಂಬಗಳು ನೆಟ್ಟಗಾಗಿದ್ದವು, ಬೋರ್ಡುಗಳನ್ನು ಸಲೀಸಾಗಿ ಓದಬಹುದಿತ್ತು. ರಸ್ತೆ ತುಂಬ ಜನ, ಎಲ್ಲರೂ ಇತ್ತಲೇ ಬರುತ್ತಿದ್ದಾರೆ, ಒಬ್ಬೊಬ್ಬರದೂ ಕಾಡು ಬೆಳೆದಂಥ ತಲೆ!

"ಅಯ್ಯಯ್ಯೋ, ಇಷ್ಟು ಜನಾನ ಒಬ್ನೇ ಹೇಗೆ ಸುಧಾರಿಸ್ಲಿ!" ಅವನು ಗಹಗಹಿಸಿ ನಕ್ಕ. ಕಣ್ಣಲ್ಲಿ ನೀರು ಬಂತು. "ಇದಕ್ಕೇನಾ ಮಧ್ಯಾಹ್ನ ಅಂಗಡಿ ಕೀಲಿ ಇಸ್ಕೋತಿದ್ದಿದ್ದು? ಕುರ್ಚೀಲಿ ನಿದ್ದೆ ಹೊಡೀತಾಳೆ ಅಂದ್ಕೊಂಡಿದ್ನಲ್ಲೇ!"

"ನೀನು ಬೀದಿ ನೋಡೋದು ಯಾವಾಗ್ಲೂ ಕನ್ನಡೀಲೇ ತಾನೆ?" ಎಂದಳು ಮಗಳು.

ಸಾಹುಕಾರ ಆಗಲೇ ನೊರೆಮುಖದಲ್ಲೇ ಬೀದಿಗಿಳಿದು, "ಬಕೆಟ್ ತಗೊಂಡು ಹೊರಡ್ರಪ್ಪಾ! ನನ್ನ ಗೋಡೆ ಮುಟ್ಟಿದ್ರೆ ನೋಡಿ!" ಎಂದು ಸುಣ್ಣದವರನ್ನು ಅಟ್ಟುತ್ತಿದ್ದ.

ಸಲೂನಿನವನಿಗೆ ಏಳುವ ಮನಸ್ಸೇ ಇರಲಿಲ್ಲ. "ಎಲ್ರೂ ಬರ್ತಿದಾರೆ, ಸರಿ. ಆ ಒಬ್ಬ ಮಾತ್ರ ಆಚೆ ಹೊರಟಿದಾನಲ್ಲ, ಯಾರೇ ಅವನು? ಕೈ ಬೀಸ್ಕೊಂಡು ಎಷ್ಟು ಆರಾಮಾಗಿ ಹೋಗ್ತಿದಾನೆ ನೋಡು."

ಕಟಿಂಗ್ ಮುಗಿದಮೇಲೆ ಗಿರಾಕಿಗಳಿಗೆ ಅವನು ತೋರಿಸುವ ಕೈಗನ್ನಡಿಯನ್ನು ಮಗಳು ಮೊಳೆಯಿಂದ ತೆಗೆದು, ಅವನ ತಲೆಯ ಹಿಂದೆ ಹಿಡಿದಳು.

ಆಚೆ ಹೊರಟವನ ತಲೆಯಲ್ಲಿದ್ದ ಅದೇ ಸುಳಿ, ಸುತ್ತ ಅದೇ ಪುಟ್ಟ ಬೋಳು. ಅವನು ಕೈಯೆತ್ತಿ ಅದನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡ.