ಎದ್ದು ನಿಂತ ಮರ್ಯಾದೆ

ನಮ್ಮ ಹೊಸ ಮ್ಯಾನೇಜರ್ ರುದ್ರಪ್ರಸಾದನಿಗೆ ಮರ್ಯಾದೆಯ ಹುಚ್ಚು. ಬಂದ ವಾರವೇ ಆರ್ಡರ್ ಹೊರಡಿಸಿದ, ತಾನು ಶೆಡ್ಡಿಗೆ ಕಾಲಿಟ್ಟ ಕೂಡಲೇ ಹೆಂಗಸರೆಲ್ಲ ಎದ್ದು ನಿಲ್ಲಬೇಕಂತೆ. ಅಲ್ಲ, ಇದೇನು ಸ್ಕೂಲೇ? ರಾಮನಗರದ ರೇಷ್ಮೆ ಕಾರ್ಖಾನೆ ಕಣ್ರೀ! ನಮ್ಮ ಮುಂದಿನ ಬಿಸಿನೀರಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ, ಎಳೆ ಮೇಲೆದ್ದು ರಾಟೆಗೆ ಸುತ್ತುತ್ತಿರುತ್ತದೆ. ಒಂದು ಗೂಡು ಮುಗಿಯುತ್ತಿದ್ದಂತೆ ಇನ್ನೊಂದರ ಎಳೆ ಕೊಡಬೇಕು. ಕೈ ತೆಗೆದರೆ ನೂಲು ಸಣ್ಣಗಾಗಿ ಹರಿದುಹೋಗುತ್ತದೆ.

"ಎದ್ರೆ ನೂಲು ಹರ್ದೋಯ್ತದೆ ಸಾರ್," ಅಂತ ನಾನೇ ಹೇಳಿದೆ.

"ಒಂದ್ನಿಮಿಷ ಎದ್ರೆ ಏನೂ ಆಗಲ್ಲ ಕಾವೇರಮ್ಮ. ನನಗೆ ಡಿಸಿಪ್ಲಿನ್ ಮುಖ್ಯ."

ನಿನ್ನೆ ಅವನು ಒಳಗೆ ಬಂದಾಗ ಕೂಟಗಲ್ಲಿನಿಂದ ಬರುವ ನಯನ ಏಳಲಿಲ್ಲ. ಎಳೆ ಕೊಡುತ್ತಿದ್ದಳು ಪಾಪ, ತಲೆ ಕೂಡ ಎತ್ತಲಿಲ್ಲ.

"ಏನಮ್ಮಾ, ಮಹಾರಾಣಿನಾ ನೀನು? ನಾಳೆಯಿಂದ ಬರಬೇಡ."

ಗಂಡ ಬಿಟ್ಟುಹೋದ ಮೇಲೆ ಅವಳ ಮನೆ ನಡೆಯುತ್ತಿರುವುದೇ ಈ ಕೆಲಸದಿಂದ. ಸೆರಗಿಗೆ ಕೈ ಒರೆಸಿಕೊಂಡು, ಅಳುತ್ತಾ ಹೋದಳು. ನನ್ನ ಮೈಯೆಲ್ಲ ಉರಿದುಹೋಯಿತು.

ಇವತ್ತು ಬೆಳಿಗ್ಗೆ ಎಲ್ಲರಿಗೂ ಹೇಳಿಟ್ಟಿದ್ದೆ. ಅವನು ಬಂದ. ಎಲ್ಲರೂ ಎದ್ದೆವು. ಅವನ ಮುಖ ನೋಡಬೇಕಿತ್ತು, ಏನು ಖುಷಿ, ಏನು ಗತ್ತು! "ಹ್ಞಾಂ, ಕೂತ್ಕೊಳ್ಳಿ," ಅಂದ.

ಯಾರೂ ಕೂರಲಿಲ್ಲ. ಪಟಪಟ ಅಂತ ನೂಲು ಹರಿಯತೊಡಗಿತು. ರಾಟೆಗಳು ಸುಮ್ಮನೆ ತಿರುಗುತ್ತಿದ್ದವು.

"ಏನ್ರೀ ಇದು? ಕೂತ್ಕೊಳ್ರೀ!"

"ನೀವ್ ನಿಂತಿರೋವಾಗ ನಾವ್ ಕುಂತ್ಕಂಡ್ರೆ ಮರ್ವಾದೆ ಆಯ್ತದಾ ಸಾರ್?" ಅಂದೆ.

"ಎಲ್ಲರನ್ನೂ ತೆಗೆದುಹಾಕ್ತೀನಿ!"

"ತೆಗೀರಿ! ನೀವೇ ಕುಂತ್ಕಂಡು ನೂಲು ತೆಗೀರಿ, ನೋಡಾನ. ನಯನ ಎದ್ದಿದ್ರೆ ಹರೀತಿದ್ದಿದ್ದು ನಿಮ್ ನೂಲೇ. ಅದನ್ನ ಉಳಿಸಿದ್ಕೆ ಆ ಮಗೀನ ಮನೆಗ್ ಕಳಿಸ್ಬುಟ್ರಲ್ಲ, ಒಸಿನಾದ್ರೂ ನಾಚ್ಕೆ ಐತಾ ನಿಮ್ಗೆ? ಅವ್ಳು ಬರೋಗಂಟ ಹಿಂಗೇ ನಿಂತಿರ್ತೀವಿ."

ಬೆಂದ ಗೂಡೆಲ್ಲ ನೀರಿನಲ್ಲೇ ಮುದ್ದೆಯಾಗುತ್ತಿತ್ತು. ಅವನು ಅದನ್ನು ನೋಡಿದ, ನಮ್ಮನ್ನು ನೋಡಿದ. ಬೈಕಿನ ಕೀ ತೆಗೆದುಕೊಂಡು ಹೊರಟೇಹೋದ.

ನಮ್ಮ ಕಾಲು ಬಿದ್ದುಹೋಗುವಷ್ಟು ಹೊತ್ತಾದ ಮೇಲೆ ಬೈಕಿನ ಸದ್ದು ಕೇಳಿಸಿತು. ಹಿಂದಿನ ಸೀಟಿನಲ್ಲಿ ನಯನ.

ಶೆಡ್ಡಿನ ಬಾಗಿಲಲ್ಲಿ, ನಮ್ಮೆಲ್ಲರ ಎದುರಿಗೆ, ಅವನು ಅವಳಿಗೆ ಹೇಳಿದ, "ತಪ್ಪು ನಂದು ನಯನ. ಹೋಗಿ ಕೂತ್ಕೊಳ್ಳಮ್ಮ."

ಅವಳು ಕೂತಳು. ಆಮೇಲೆ ನಾವು ಕೂತೆವು. ಮುದ್ದೆಯಾದ ಗೂಡು ಎತ್ತಿ ಬಿಸಾಡಿ, ಹೊಸದು ಹಾಕಿಕೊಂಡೆವು.

ಮಧ್ಯಾಹ್ನ ಅವನು ಮತ್ತೆ ಶೆಡ್ಡಿಗೆ ಬಂದ. ಅಭ್ಯಾಸಬಲ, ಮೂಲೆಯಲ್ಲಿದ್ದ ಇಬ್ಬರು ಏಳಹೋದರು.

"ಏಳಬೇಡಿ, ಏಳಬೇಡಿ," ಅಂತ ಗಾಬರಿಯಿಂದ ಕೈಯಾಡಿಸಿದ. "ನೂಲು ಹರಿಯುತ್ತೆ."

ನನ್ನ ಸಿಟ್ಟೇನೂ ಇಳಿದಿರಲಿಲ್ಲ. ಆ 'ಮಹಾರಾಣಿ' ಮಾತು ಇನ್ನೂ ಕಿವಿಯಲ್ಲೇ ಇತ್ತು. ಆದರೂ ಕೈ ನೀರಿನಲ್ಲೇ ಬಿಟ್ಟು, ತಲೆಯೆತ್ತಿ ಅವನನ್ನು ನೋಡಿದೆ.

"ಬನ್ನಿ ಸಾರ್," ಅಂದೆ. ಆ ಮನುಷ್ಯನಿಗೆ ನಾನು 'ಬನ್ನಿ' ಅಂದದ್ದು ಅದೇ ಮೊದಲು.